‘ರನ್’ ಎಂಬ ಕ್ರಿಯಾಪದವೂ ನನ್ನ ಕೆಂಪು ಶಾಯಿಯೂ

ಹಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯೊಂದರಲ್ಲಿ ಭಾಷಾಂತರದ ಅಭ್ಯಾಸಕ್ಕೆಂದು ಇಂಗ್ಲಿಷಿನ ಹತ್ತು ವಾಕ್ಯಗಳನ್ನು ಕೊಟ್ಟಿದ್ದೆ. ಎಲ್ಲದರಲ್ಲಿಯೂ ‘ರನ್’ ಎಂಬ ಕ್ರಿಯಾಪದವಿತ್ತು. ವಿದ್ಯಾರ್ಥಿಯೊಬ್ಬ ‘ಮಗುವಿನ ಮೂಗು ಓಡುತ್ತಿದೆ’, ‘ನದಿಯು ಊರಿನ ಪಕ್ಕದಲ್ಲಿ ಓಡುತ್ತದೆ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದುದಲ್ಲದೆ, ತರಗತಿಯಲ್ಲಿ ಗಟ್ಟಿಯಾಗಿ ಓದಿ, “ಮೂಗಿಗೆ ಕಾಲು ಬಂದದ್ದು ಯಾವಾಗ?” ಎಂದೆ. ಎಲ್ಲರೂ ನಕ್ಕರು. ಆ ಹುಡುಗ ವರ್ಷದ ಕೊನೆಯವರೆಗೂ ನನ್ನ ಯಾವ ಪ್ರಶ್ನೆಗೂ ತಾನಾಗಿ ಉತ್ತರಿಸಲಿಲ್ಲ.

ಈ ‘ರನ್’ ಸಾಮಾನ್ಯ ಪದವಲ್ಲ. 1989ರ ಆಕ್ಸ್‌ಫರ್ಡ್ ಬೃಹನ್ನಿಘಂಟಿನಲ್ಲಿ ಅತಿ ದೀರ್ಘ ನಮೂದು ‘ಸೆಟ್’ ಎಂಬುದರದಾಗಿತ್ತು. ಪರಿಷ್ಕರಣದ ವೇಳೆ ಸಂಪಾದಕ ಪೀಟರ್ ಗಿಲ್ಲಿವರ್ ‘ರನ್’ ಕ್ರಿಯಾಪದವೊಂದಕ್ಕಾಗಿಯೇ ಸುಮಾರು ಒಂಬತ್ತು ತಿಂಗಳು ದುಡಿದು 645 ಅರ್ಥಗಳನ್ನು ಗುರುತಿಸಿದರು. ಯಂತ್ರಗಳ ಯುಗವು ಕಾಲಿಲ್ಲದ ವಸ್ತುಗಳನ್ನೆಲ್ಲ ಓಡಿಸಿದ್ದು ಈ ಬೆಳವಣಿಗೆಗೆ ಮುಖ್ಯ ಕಾರಣಗಳಲ್ಲೊಂದು.

ಕನ್ನಡವು ಈ ಒಂದು ಪದದ ಹೊರೆಯನ್ನು ಹಲವು ಕ್ರಿಯಾಪದಗಳಿಗೆ ಹಂಚುತ್ತದೆ. ಕುದುರೆ ಓಡುತ್ತದೆ, ಅಂಗಡಿ ನಡೆಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ಒಗೆದ ಸೀರೆ ಬಣ್ಣ ಬಿಡುತ್ತದೆ. ಅಮೆರಿಕದವರು ಚುನಾವಣೆಗೆ ಓಡಿದರೆ ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ ನಮ್ಮಂತೆ ನಿಲ್ಲುವವರೇ. ಈ ವಿವೇಚನೆಯೇ ಅಂದು ನನ್ನ ನಗೆಗೆ ಆಧಾರವಾಗಿತ್ತು.

ಆ ಆಧಾರ ಕುಸಿದದ್ದು ಮುಂದೊಮ್ಮೆ ಹಳಗನ್ನಡ ಕಾವ್ಯಭಾಗವೊಂದನ್ನು ಬೋಧಿಸುತ್ತಿದ್ದಾಗ. ‘ಪರಿ’ ಎಂಬ ಧಾತುವಿಗೆ ಅರ್ಥ ಹೇಳುತ್ತ, ‘ಓಡು, ಹರಿ’ ಎಂದು ಅಭ್ಯಾಸಬಲದಿಂದ ನುಡಿದೆ. ನುಡಿದವನೇ ತಡೆದು ನಿಂತೆ. ಹಳಗನ್ನಡದಲ್ಲಿ ಕುದುರೆಯೂ ಪರಿಯುತ್ತದೆ, ಹೊಳೆಯೂ ಪರಿಯುತ್ತದೆ. ‘ಪಾಲು’ ಹಾಲಾದಂತೆ, ‘ಪೂ’ ಹೂವಾದಂತೆ ಪಕಾರವು ಹಕಾರವಾಗಿ ‘ಪರಿ’ಯು ‘ಹರಿ’ಯಾಯಿತು, ಬಳಕೆಯಲ್ಲಿ ಅದು ನೀರಿನ ಕಡೆಗೇ ಹೆಚ್ಚು ವಾಲಿತು, ಕುದುರೆ ‘ಓಡು’ವಿನ ಪಾಲಾಯಿತು. ಓಟವನ್ನೂ ಹರಿವನ್ನೂ ಒಂದೇ ಚಲನೆಯಾಗಿ ಕಂಡ ಕಣ್ಣು ಇಂಗ್ಲಿಷಿನವರದು ಮಾತ್ರವಲ್ಲ, ನಮ್ಮ ಪೂರ್ವಿಕರದೂ ಹೌದು. ನದಿಯನ್ನು ಓಡಿಸಿದ್ದ ಆ ಹುಡುಗ ಇಂದಿನ ರೂಢಿಗೆ ತಪ್ಪಿದ್ದನೇ ಹೊರತು ಭಾಷೆಯ ಸ್ವಭಾವಕ್ಕಲ್ಲ.

ಆತನ ವಾಕ್ಯ ಸರಿಯಾಗಿತ್ತೆಂದು ನಾನು ಇಂದಿಗೂ ಹೇಳಲಾರೆ, ಅಂಕ ಕಳೆಯಬೇಕಾದದ್ದೇ. ಆದರೆ ನಗಬೇಕಾದದ್ದೇನೂ ಅಲ್ಲಿರಲಿಲ್ಲ. ‘ನಿನಗೆ ಹೀಗೇಕೆ ತೋಚಿತು?’ ಎಂದು ಕೇಳಿದ್ದರೆ ಅಂದಿನ ತರಗತಿ ‘ಪರಿ’ಯವರೆಗೂ ಹೋಗಬಹುದಿತ್ತು. ಈಗ ಕೆಂಪು ಶಾಯಿ ಮುಟ್ಟುವ ಮುನ್ನ ಆ ಪ್ರಶ್ನೆ ಕೇಳುತ್ತೇನೆ. ಕೇಳಬೇಕಾಗಿದ್ದವನಿಗೆ ಮಾತ್ರ ಕೇಳಲಾಗಲಿಲ್ಲ.