ರಟ್ಟಿನ ಮನೆ

ಮನೆ ಕಟ್ಟಿಸುವ ಗೃಹಸ್ಥನ ಕೈಗೆ ಮೊದಲು ಬರುವ ವಸ್ತು ಇಟ್ಟಿಗೆಯೂ ಅಲ್ಲ, ಸುಣ್ಣವೂ ಅಲ್ಲ. ಗೆರೆಗಳಿಂದ ತುಂಬಿದ ಒಂದು ದೊಡ್ಡ ಕಾಗದ. ಎಂಜಿನಿಯರರು ಅದನ್ನು ಮೇಜಿನ ಮೇಲೆ ಹರವಿ ಬೆರಳಾಡಿಸುತ್ತ ಹೋದಂತೆ ನಾವು ‘ಹೌದು, ಹೌದು’ ಎಂದು ತಲೆದೂಗುವೆವು. ತಿಳಿಯಲಿಲ್ಲವೆನ್ನಲು ನಾಚಿಕೆ. ಓದುಬರಹ ಬಲ್ಲವರೆನಿಸಿಕೊಂಡ ನಮಗೆ ನಕ್ಷೆಯ ಲಿಪಿ ಮಾತ್ರ ಬಾರದೆಂಬುದು ಎರಡು ಸಲ ಮನವರಿಕೆಯಾಯಿತು.

ಮೊದಲನೆಯದು, ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರಿನ ತ್ವರಿತ ಬಸ್ಸಿನ ಮಾರ್ಗವು ಸಿದ್ಧವಾದಾಗ. ನಿಲ್ದಾಣಗಳು ರಸ್ತೆಯ ನಟ್ಟನಡುವೆ ಬರುವವೆಂಬುದನ್ನು ನಕ್ಷೆಯಲ್ಲಿ ಕಂಡೇ ಇದ್ದೆವು. ಹಾಗಾದರೆ ಬಸ್ಸಿನ ಬಾಗಿಲು ಬಲಗಡೆಗೆ ತೆರೆಯಬೇಕು, ಹತ್ತುವವರು ಅರ್ಧ ರಸ್ತೆಯನ್ನು ದಾಟಿ ಬರಬೇಕು ಎಂಬುದು ಮಾತ್ರ ಹೊಳೆಯಲಿಲ್ಲ. 2018ರಲ್ಲಿ ‘ಚಿಗರಿ’ ಬಸ್ಸುಗಳು (ಜಿಂಕೆಗೆ ನಮ್ಮ ಕಡೆಯ ಹೆಸರಿದು) ಪ್ರಾಯೋಗಿಕವಾಗಿ ಓಡತೊಡಗಿದಾಗ, ನಾವು ಹಳೆಯ ರೂಢಿಯಂತೆ ರಸ್ತೆಯ ಎಡಬದಿಗೆ ಕೊಡೆ ಹಿಡಿದು ನಿಂತು, ಕಣ್ಣೆದುರಿಗೇ ಹಾಯ್ದುಹೋದ ಬಸ್ಸನ್ನು ನೋಡಿ ಪೆಚ್ಚಾದೆವು.

ಎರಡನೆಯದು ನಮ್ಮ ಸ್ವಂತ ಮನೆಯ ಸಂಗತಿ. ಧಾರವಾಡದ ಹಳೆಯ ಮನೆಯನ್ನು ಕೆಡವಿಸಿ ಹೊಸದನ್ನು ಕಟ್ಟಿಸಲು ನಿಶ್ಚಯಿಸಿದ್ದೆವು. ಮುಖ್ಯ ಉದ್ದೇಶವೆಂದರೆ ಮೊಣಕಾಲು ನೋವಿನಿಂದ ಬಳಲುವ ನಮ್ಮ ತಾಯಿಯವರ ಅನುಕೂಲತೆ. ನಕ್ಷೆಗೆ ಎಲ್ಲರೂ ಒಪ್ಪಿದೆವು. ಎಂಜಿನಿಯರರು ಗಣಕಯಂತ್ರದಲ್ಲಿ ರಚಿಸಿದ ಚಲಿಸುವ ಚಿತ್ರವನ್ನೂ ತೋರಿಸಿದರು. ಬಾಗಿಲು ತಾನಾಗಿ ತೆರೆಯಿತು; ಪಡಸಾಲೆಯಲ್ಲಿ ಎಳೆಬಿಸಿಲು ಬಿದ್ದಿತ್ತು; ಅಂಗಳದಲ್ಲಿ ನಾವು ನೆಡದ ಗಿಡಗಳು ಹೂಬಿಟ್ಟಿದ್ದವು. ತಾಯಿಯವರು ‘ಛಲೋ ಅದಪಾ’ ಎಂದರು. ಅಲ್ಲಿಗೆ ಒಪ್ಪಿಗೆ ಮುಗಿಯಿತೆಂದು ತಿಳಿದೆವು.

ನಮ್ಮ ಮಗನಿಗೆ ಸೂಟಿಯ ದಿನಗಳು. ಅವನು ಹಳೆಯ ಲಗ್ನಪತ್ರಿಕೆ, ರಟ್ಟು, ಅಂಟುಗಳನ್ನು ಕೂಡಿಸಿ ನಾಲ್ಕು ಅಡಿಗೆ ಒಂದು ಅಂಗುಲದಂತೆ ಮನೆಯ ಮಾದರಿಯೊಂದನ್ನು ಮಾಡಿದನು. ಇದನ್ನು ಆಟವೆಂದು ಕಡೆಗಣಿಸುವುದು ಸಲ್ಲದು. ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಚಿಕ್ಕ ಮಾದರಿಗಳ ಮೇಲೆ ನೀರು ಹರಿಸಿಯೇ ನೋಡುವರು. 1418ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ದೊಡ್ಡ ಚರ್ಚಿನ ಗುಮ್ಮಟಕ್ಕಾಗಿ ಮಾದರಿಗಳನ್ನು ಕರೆದಾಗ, ನೆಲದಿಂದ ಮರದ ಆಸರೆ ಕೊಡದೆಯೂ ಅದನ್ನು ಏರಿಸಬಹುದೆಂದು ತೋರಿಸಲು ಬ್ರುನೆಲ್ಲೆಸ್ಕಿಯು ಇಟ್ಟಿಗೆಯ ಮಾದರಿಯನ್ನೇ ಕಟ್ಟಿಸಿದನು.

ತಾಯಿಯವರು ರಟ್ಟಿನ ಮೇಲ್ಛಾವಣಿಯನ್ನು ತೆಗೆದಿಟ್ಟರು. ಡಬ್ಬಿಯಿಂದ ಒಂದು ಹುಣಿಸೆಬೀಜವನ್ನು ತಂದು ತಮ್ಮ ಕೋಣೆಯಲ್ಲಿರಿಸಿ, ‘ಇದು ನಾ’ ಎಂದರು. ಬೀಜವು ಅರ್ಧ ಅಂಗುಲ. ಅಂದರೆ ಎರಡು ಅಡಿ, ಮನುಷ್ಯನ ಮೈಯಗಲಕ್ಕೆ ಹೆಚ್ಚುಕಡಿಮೆ ಸರಿ. ಅದನ್ನು ಬೆರಳಿನಿಂದ ಮೆಲ್ಲನೆ ನೂಕುತ್ತ ಪಡಸಾಲೆಗೆ ತಂದರು. ಅಲ್ಲಿ ನಿಂತಿತು.

‘ರಾತ್ರಿ ಎದ್ದರ ನಾ ಬಚ್ಚಲಿಗೆ ಹ್ಯಾಂಗ ಹೋಗಬೇಕೋ? ಇಲ್ಲಿ ಎರಡು ಪಾವಟಿಗಿ ಅದಾವಲ್ಲ!’

ನಕ್ಷೆಯಲ್ಲಿ ಆ ಪಾವಟಿಗೆಗಳು ಎರಡು ಸಣ್ಣ ಗೆರೆಗಳು ಮಾತ್ರ. ಚಲಿಸುವ ಚಿತ್ರದಲ್ಲಿಯೂ ಅವು ಇದ್ದವು. ಆದರೆ ಚಿತ್ರದ ಕಣ್ಣು ಅವುಗಳ ಮೇಲೆ ತೇಲಿಹೋಗಿತ್ತು. ಅದಕ್ಕೆ ಮೊಣಕಾಲಿಲ್ಲ. ಅದು ಮಾಡಿದವರು ಕರೆದೊಯ್ದ ಕಡೆಗೆ ಹೋಗುವುದೇ ಹೊರತು ನಮ್ಮ ತಾಯಿಯವರಂತೆ ನಡುರಾತ್ರಿ ದೀಪವಿಲ್ಲದೆ ಏಳುವುದಿಲ್ಲ. ಚಿತ್ರವು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬೆಳಕು, ಎತ್ತರ, ಬಣ್ಣಗಳನ್ನು ಅದರಷ್ಟು ಚೆನ್ನಾಗಿ ರಟ್ಟು ತೋರಿಸಲಾರದು.

‘ಅವತ್ತೇ ಯಾಕ ಹೇಳಲಿಲ್ಲ?’ ಎಂದು ನಾವು ತುಸು ಬೇಸರದಿಂದಲೇ ಕೇಳಿದೆವು.

‘ನೀವೆಲ್ಲ ಖುಷಿಲೆ ನೋಡಲಿಕ್ಕೆ ಹತ್ತಿದ್ರಿ. ಹಳೇ ಮನಿ ಕಟ್ಟೋ ಮುಂದ ನನ್ನ ಯಾರು ಕೇಳಿದ್ರು? ಬಾವಿಯಿಂದ ಅಡಿಗಿ ಮನಿಗೆ ಪಡಸಾಲಿ ಸುತ್ತಿ ನಲವತ್ತು ವರ್ಷ ನೀರು ಹೊತ್ತೆ.’

ಆ ಮನೆಯು ನಮ್ಮ ತಂದೆಯವರು ಕಟ್ಟಿಸಿದ್ದು. ಅದರ ಅಚ್ಚುಕಟ್ಟನ್ನು ನಾವು ನಾಲ್ಕು ಜನರೆದುರು ಎಷ್ಟೋ ಸಲ ಹೊಗಳಿದ್ದುಂಟು. ಅಂದು ಬಾಯಿಗೆ ಉತ್ತರ ಬರಲಿಲ್ಲ.

ಅಡಿಪಾಯವನ್ನು ಇನ್ನೂ ಅಗೆದಿರಲಿಲ್ಲವಾದ್ದರಿಂದ ಎಂಜಿನಿಯರರು ನೆಲವನ್ನೆಲ್ಲ ಒಂದೇ ಮಟ್ಟಕ್ಕೆ ತಂದು, ಬಚ್ಚಲನ್ನು ತಾಯಿಯವರ ಕೋಣೆಗೇ ಹೊಂದಿಸಿ ಬೇರೆ ನಕ್ಷೆ ಬರೆದುಕೊಟ್ಟರು. ತುಳಸಿಕಟ್ಟೆಯ ಸ್ಥಳದ ವಿಷಯವಾಗಿ ತಾಯಿಯವರು ಮರುದಿನವೇ ಎತ್ತಿದ ತಕರಾರು ಮಾತ್ರ ಇನ್ನೂ ತೀರಿಲ್ಲ. ಹುಣಿಸೆಬೀಜವು ದಿನಕ್ಕೊಮ್ಮೆ ರಟ್ಟಿನ ಅಂಗಳವನ್ನು ಸುತ್ತುತ್ತಲೇ ಇದೆ.