ಏಳರಾಗ ಎರಡು

ಬೋರ್ಡಿನ ಮೇಲೆ 1/3 + 1/4 ಬರೆದಿದ್ದೆ. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆ, ನಾನು ಹೊಸ ಮಾಸ್ತರ. 'ಏಳರಾಗ ಎರಡ್ರೀ ಸರ್' ಎಂದ ಹಿಂದಿನ ಸಾಲಿನ ಹುಡುಗ. ನಾನು ನಕ್ಕೆ, ತರಗತಿಯೂ ನಕ್ಕಿತು. 'ಲ.ಸಾ.ಅ. ತೆಗಿಯೋ' ಎಂದೆನೇ ಹೊರತು ಅವನದು ಏಕೆ ತಪ್ಪೆಂದು ಹೇಳಲಿಲ್ಲ. ಹೇಳಲು ನನಗೇ ಬರುತ್ತಿರಲಿಲ್ಲ. 2/7 ಎಂಬುದು 1/3ಕ್ಕಿಂತಲೂ ಸಣ್ಣದು, ಕೂಡಿಸಿದ ಮೇಲೆ ಪಾಲು ಕರಗುವುದುಂಟೇ ಎಂಬ ಸರಳ ಪ್ರಶ್ನೆಯೂ ಹೊಳೆಯಲಿಲ್ಲ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಛೇದಗಳನ್ನು ಸಮ ಮಾಡುವ ಲ.ಸಾ.ಅ.ವನ್ನು 'ನಿರುದ್ಧ' ಎಂದು ಕರೆದ. ನಮ್ಮ ನಾಡಿನ ಗಣಿತಜ್ಞನೆಂದು ಅವನ ಮೇಲೆ ಭಾಷಣ ಬಿಗಿದಿದ್ದೆ, ಪುಸ್ತಕ ಬಿಚ್ಚಿರಲಿಲ್ಲ.

ಬುದ್ಧಿ ಬಂದದ್ದು ಮನೆಯ ಹೊಲ ಪಾಲಾದಾಗ. ಅಕ್ಷರ ಬಾರದ ಅಪ್ಪ ಕಾಲು ಎಕರೆಗೆ ಎಕರೆಯ ಐದರಲ್ಲೊಂದನ್ನು ಸೇರಿಸಿ 'ಹದಿನೆಂಟು ಗುಂಟೆ' ಎಂದುಬಿಟ್ಟ. ಎಕರೆಗೆ 40 ಗುಂಟೆ. ಹತ್ತಕ್ಕೆ ಎಂಟು ಕೂಡಿಸಿದ್ದ, ಅಷ್ಟೇ. ಎಕರೆಯಲ್ಲಿ ಮೂರು ಪಾಲೆಂದರೆ ಮಾತ್ರ ಜಗಳ: 13 ಗುಂಟೆ, ಐದು ಆಣೆ, ಮೇಲೊಂದು ಚೂರು. ಆ ಚೂರಿಗಾಗಿ ಬದುವಿನ ಮೇಲೆ ಎಷ್ಟು ಕೂಗಾಡಿದ್ದೇವೋ. ಇನ್ನೊಂದನ್ನೂ ಅಲ್ಲೇ ಕಲಿತೆ. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಸಿಂಧನೂರಿನ ಗದ್ದೆಯ ಕಾಲು ಪಾಲು, ಲಿಂಗಸುಗೂರು ಕಡೆಯ ಮಳೆ ನಂಬಿದ ಹೊಲದ ಕಾಲು ಪಾಲು: ಛೇದ ಒಂದೇ ಆದರೂ ಇವನ್ನು ಕೂಡಿಸಿ ಅರ್ಧವೆನ್ನಲು ಯಾವ ಅಣ್ಣತಮ್ಮಂದಿರೂ ಒಪ್ಪುವುದಿಲ್ಲ.

ಹುಡುಗ ಎಲ್ಲಿಂದ ತಂದಿದ್ದ ಆ ಉತ್ತರವನ್ನು? ಈ ವಾರ ಮೂರು ಮ್ಯಾಚಿನಲ್ಲಿ ಒಂದು ಗೆದ್ದು, ಮುಂದಿನ ವಾರ ನಾಲ್ಕರಲ್ಲಿ ಒಂದು ಗೆದ್ದರೆ, ಏಳರಲ್ಲಿ ಎರಡೇ. ಅವನು ಆಟ ಎಣಿಸಿದ್ದನೇನೋ, ನಾನು ಪಾಲು ಕೇಳಿದ್ದೆ. 'ಹೆಂಗ ಬಂತಪಾ?' ಎನ್ನಲು ಎಷ್ಟು ಹೊತ್ತು ಬೇಕಿತ್ತು!

ಮೊನ್ನೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಭತ್ತ ಕೊಯ್ಯುವ ಮಷಿನ್ ಇಟ್ಟಿದ್ದಾನೆ, ತಾಸಿನ ಬಾಡಿಗೆ. ನನಗೆ ಕೈಮುಗಿಯುತ್ತಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: 'ಆ ಮಡಿಗೆ ಇಪ್ಪತ್ತು ನಿಮಿಷ, ಈ ಮಡಿಗೆ ಹದಿನೈದು, ಮೂವತ್ತೈದು ನಿಮಿಷದ್ದು ಕೊಡ್ರಿ.' ತಾಸಿನ ಮೂರರಲ್ಲೊಂದು, ನಾಲ್ಕರಲ್ಲೊಂದು. ಹಳೆಯ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಲಿಂಗಸುಗೂರು ಬಸ್ಸು ಬಂತು, ಹತ್ತಿದೆ.