ಮರುಭೂಮಿಗೆ ಏಳು ದಿನ

ಬೆಂಗಳೂರಿನಲ್ಲಿರುವ ಮಗ ಕಳುಹಿಸಿದ ಪ್ರವಾಸದ ಪಟ್ಟಿಯಲ್ಲಿ ಏಳು ದಿನಗಳಿಗೆ ನಾಲ್ಕು ಊರುಗಳಿದ್ದವು. ಜೈಪುರ ಎರಡು ದಿನ, ಉದಯಪುರ ಒಂದೂವರೆ, ಜೋಧಪುರ ಒಂದೂವರೆ, ಜೈಸಲ್ಮೇರ ಎರಡು. ನಗರ, ಕೋಟೆ, ಮರಳು ಮೂರೂ ಒಂದೇ ವಾರದಲ್ಲಿ ಆಗಿಬಿಡುತ್ತವೆಂದು ಅವನು ಕೆಳಗೆ ಬರೆದಿದ್ದ. ಧಾರವಾಡದ ಕಾಲೇಜೊಂದರಲ್ಲಿ 32 ವರ್ಷ ಕನ್ನಡ ಕಲಿಸಿ ನಿವೃತ್ತರಾದ ತಂದೆ ಆ ಪಟ್ಟಿಯನ್ನು ಯಾರದೋ ಸಂಶೋಧನ ಪ್ರಬಂಧದ ಕರಡಿನಂತೆ ಎದುರಿಗಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಅಂಚಿನಲ್ಲಿ ದೂರಗಳನ್ನು ಕೂಡಿಸಿದರು. ಮೊತ್ತ 900 ಕಿಲೋಮೀಟರ್ ದಾಟಿತು. ಏಳು ದಿನಗಳಲ್ಲಿ ಎರಡು ದಿನ ವಾಹನದ ಕಿಟಕಿಯೊಳಗೇ ಕಳೆಯುತ್ತವೆ.

ಮೊದಲು ಹೊಡೆದುಹಾಕಿದ್ದು ಜೈಪುರವನ್ನು. ಅದು ಅಲಕ್ಷ್ಯಕ್ಕೆ ತಕ್ಕ ಊರೆಂದಲ್ಲ. ಸವಾಯಿ ಜಯಸಿಂಹ 1727ರಲ್ಲಿ ಗೆರೆ ಎಳೆದು ಕಟ್ಟಿಸಿದ ನಗರ, ಅವನ ಜಂತರ್ ಮಂತರ್, ಇವೆಲ್ಲ ಒಂದು ಇಡೀ ವಾರವನ್ನೇ ಬೇಡುವಂಥವು. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಹಾದುಹೋಗುವ ರೈಲು ನೇರವಾಗಿ ಜೋಧಪುರಕ್ಕೇ ಒಯ್ದು ಬಿಡುವಾಗ ಹಿಂದಕ್ಕೆ ತಿರುಗುವುದು ಯಾಕೆ? ಉದಯಪುರಕ್ಕೂ ಅದೇ ಗತಿಯಾಯಿತು. ಮಲೆನಾಡಿನ ಸೆರಗಿನಲ್ಲಿ ವಾಸಿಸುವವರು ಕೆರೆ ನೋಡಲು ಮೇವಾಡದವರೆಗೆ ಹೋಗಬೇಕಾಗಿಲ್ಲವೆಂದು ಅವರು ಗೊಣಗಿಕೊಂಡದ್ದುಂಟು. ಇದು ಅನ್ಯಾಯದ ಮಾತು. ಪಟ್ಟಿಯನ್ನು ಕತ್ತರಿಸುವವನಿಗೆ ಇಂಥ ಅನ್ಯಾಯಗಳು ಅನಿವಾರ್ಯ.

ಅವರ ಮನಸ್ಸು ನೆಟ್ಟಿದ್ದು ಜೈಸಲ್ಮೇರದಲ್ಲಿ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಪಾಠ ಹೇಳಿದವರೆಲ್ಲ ಬಿಲ್ಹಣನ ‘ವಿಕ್ರಮಾಂಕದೇವಚರಿತ’ದ ಹೆಸರನ್ನು ಹೇಳಿಯೇ ಹೇಳಿರುತ್ತಾರೆ. ಆ ಕಾವ್ಯ ನಮಗೆ ದೊರೆತದ್ದು ಎಲ್ಲಿಂದ ಎಂಬುದನ್ನು ತರಗತಿಯಲ್ಲಿ ಹೇಳುವವರು ಕಡಮೆ. ಕಾಶ್ಮೀರದ ಕವಿ, ಕರ್ಣಾಟಕದ ಚಕ್ರವರ್ತಿಯ ಆಸ್ಥಾನದಲ್ಲಿ ವಿದ್ಯಾಪತಿಯಾಗಿ, ಹದಿನೆಂಟು ಸರ್ಗಗಳಲ್ಲಿ ರಚಿಸಿದ ಈ ಚರಿತೆ ಕಲ್ಯಾಣದಲ್ಲಿ ಉಳಿಯಲಿಲ್ಲ. 1874ರ ಆರಂಭದಲ್ಲಿ ಜಾರ್ಜ್ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸ, ಇಪ್ಪತ್ತೈದೂ ತುಂಬದ ಹರ್ಮನ್ ಯಾಕೋಬಿಯನ್ನು ಜೊತೆಗೆ ಕರೆದುಕೊಂಡು, ರೈಲು ಇಲ್ಲದ ಆ ಕಾಲದಲ್ಲಿ ಮರಳುಗಾಡನ್ನು ದಾಟಿ ಜೈಸಲ್ಮೇರದ ಕೋಟೆಯನ್ನು ಸೇರಿದ. ಅಲ್ಲಿನ ಜೈನ ಭಂಡಾರದಲ್ಲಿ ಈ ಕಾವ್ಯದ ಓಲೆಪ್ರತಿ ಸಿಕ್ಕಿತು. ಪ್ರತಿಯನ್ನು ಹೊರಗೆ ಒಯ್ಯುವಂತಿರಲಿಲ್ಲ. ಇಬ್ಬರೂ ಕುಳಿತು ಕೈಯಾರೆ ನಕಲು ಮಾಡಿಕೊಂಡರು. ಮರುವರ್ಷವೇ, 1875ರಲ್ಲಿ, ಮುಂಬಯಿಯಲ್ಲಿ ಅದು ಅಚ್ಚಾಯಿತು. ವೈದಿಕ ಕವಿಯೊಬ್ಬ ಕನ್ನಡನಾಡಿನ ಅರಸನನ್ನು ಕುರಿತು ಬರೆದದ್ದನ್ನು ಮಾರವಾಡದಾಚೆಯ ಜೈನರು ಶತಮಾನಗಳ ಕಾಲ ಕಾಯ್ದುಕೊಂಡು ಬಂದಿದ್ದರು.

ನಿವೃತ್ತಿಯಾದ ಮೇಲೆ ಆ ಓಲೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅಧ್ಯಾಪಕರ ಆಸೆ. ಅವರ ಮೊದಲ ಪರಿಷ್ಕೃತ ಪಟ್ಟಿಯಲ್ಲಿ ಜೈಸಲ್ಮೇರಕ್ಕೆ ನಾಲ್ಕು ದಿನ; ನಾಲ್ಕರಲ್ಲೂ ಭಂಡಾರ.

ಪತ್ನಿ ಆ ಪಟ್ಟಿಯನ್ನು ಓದಿ, “ಮರಳು ಎಲ್ಲಿ?” ಎಂದು ಕೇಳಿದರು.

ಅವರು ಮೂಡುಬಿದಿರೆಯ ಕಡೆಯವರು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ, ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಬೆಳೆದವರು. ನೀರೇ ಕಾಣದ ನೆಲವೊಂದನ್ನು ಬದುಕಿನಲ್ಲಿ ಒಮ್ಮೆ ತುಳಿಯಬೇಕೆಂಬ ಆಸೆ ಅವರಿಗೆ ಹುಡುಗಿಯಾಗಿದ್ದಾಗಿನಿಂದ ಇದ್ದದ್ದು. ಅಧ್ಯಾಪಕರು ಅದಕ್ಕೆ ಒಂದು ಧರ್ಮಸೂಕ್ಷ್ಮವನ್ನು ಅಡ್ಡ ತಂದರು. ಮರಳದಿಬ್ಬಗಳ ಬಳಿಯ ಬಿಡಾರಗಳಲ್ಲಿ ಸೂರ್ಯಾಸ್ತ ನೋಡಿಸುತ್ತಾರೆ, ಆಮೇಲೆ ಹಾಡು, ಕುಣಿತ, ಊಟಕ್ಕೆ ರಾತ್ರಿ ಒಂಬತ್ತಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಆರರ ಸುಮಾರಿಗೇ ಹೊತ್ತು ಮುಳುಗುತ್ತದೆ. ರಾತ್ರಿಭೋಜನ ಮಾಡದ ನಾವು ಹಸಿದು ಮಲಗಬೇಕೇ? ಪತ್ನಿ ಮಾತಾಡದೆ ಎದ್ದುಹೋಗಿ, ಖೂರಿ ಗ್ರಾಮದ ಬಿಡಾರವೊಂದಕ್ಕೆ ದೂರವಾಣಿ ಮಾಡಿ, ತಮ್ಮ ಹರಕು ಹಿಂದಿಯಲ್ಲಿ ವಿಚಾರಿಸಿ, ಎರಡು ನಿಮಿಷದಲ್ಲಿ ಹಿಂದಿರುಗಿದರು. ಸೂರ್ಯಾಸ್ತಕ್ಕೆ ಮೊದಲು ಊಟ, ಗೆಡ್ಡೆಗೆಣಸಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ: ಇದನ್ನು ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲವಂತೆ. “ಜೈನರೋ?” ಎಂದು ಅವರೇ ಕೇಳಿ, “ಐದು ಗಂಟೆಗೆ ಬಡಿಸುತ್ತೇವೆ” ಎಂದರಂತೆ. ಓಸವಾಲರ ನಾಡಿನಲ್ಲಿ ಈ ಪ್ರಶ್ನೆಯನ್ನು ತೊಡಕೆಂದು ಭಾವಿಸಿದ್ದು ಅಧ್ಯಾಪಕರ ಅರಿವಿನ ಕೊರತೆಯೇ ಹೊರತು ಬೇರೇನಲ್ಲ.

ಹೀಗೆ ಮರಳಿಗೆ ಒಂದು ದಿನ ಹೋಯಿತು. ಉಳಿದ ಆರರಲ್ಲಿ ಒಂದು ಹಿಂದಿರುಗುವ ದಾರಿಗೆ ಸಂದಿತು. ನಿಜವಾದ ಕಷ್ಟ ಆರಂಭವಾದದ್ದು ಆಮೇಲೆ.

ಜೋಧಪುರಕ್ಕೆ ಎರಡು ದಿನವೆಂಬುದರಲ್ಲಿ ವಿವಾದವಿರಲಿಲ್ಲ. 1459ರಲ್ಲಿ ರಾವ್ ಜೋಧಾ ಅಡಿಪಾಯ ಹಾಕಿದ ಮೆಹರಾನಗಢ, ಅದರ ಕೆಳಗೆ ನೀಲಿ ಬಳಿದ ಮನೆಗಳ ಹಳೆಯ ಪೇಟೆ, ಗಂಟೆಗೋಪುರದ ಸಂತೆ, ಇಷ್ಟಕ್ಕೆ ಒಂದು ದಿನ. ಎರಡನೆಯ ದಿನ ಬೆಳಿಗ್ಗೆ ರಾಜಸ್ಥಾನ ಪ್ರಾಚ್ಯವಿದ್ಯಾ ಪ್ರತಿಷ್ಠಾನವೆಂದು ಅಧ್ಯಾಪಕರು ಬರೆದರು. ಮುನಿ ಜಿನವಿಜಯರು ಕಟ್ಟಿ ಬೆಳೆಸಿದ ಸಂಸ್ಥೆ ಅದು. ಮಧ್ಯಾಹ್ನ ಅರ್ಣಾ ಝರ್ಣಾ ಎಂದು ಪತ್ನಿ ಬರೆಸಿದರು. ಊರ ಹೊರಗಿನ ಈ ವಸ್ತುಸಂಗ್ರಹಾಲಯ ಜಾನಪದ ವಿದ್ವಾಂಸ ಕೋಮಲ್ ಕೋಠಾರಿಯವರ ಕನಸಿನ ಕೂಸು. ಅಲ್ಲಿ ರಾಜರ ಖಡ್ಗಗಳಿಲ್ಲ, ಪೊರಕೆಗಳಿವೆ. ಯಾವ ಹುಲ್ಲಿನಿಂದ ಯಾವ ನೆಲದವರು ಯಾವ ಪೊರಕೆ ಕಟ್ಟುತ್ತಾರೆ, ಒಳಮನೆಗೆ ಯಾವುದು, ಅಂಗಳಕ್ಕೆ ಯಾವುದು ಎಂಬುದರ ಮೂಲಕ ಇಡೀ ಮರುನಾಡಿನ ಬಾಳುವೆಯನ್ನು ಅಲ್ಲಿ ಓದಬಹುದು. ವಿಜಯದಾನ್ ದೇಥಾರಂಥ ಕಥೆಗಾರನೊಡನೆ ಸೇರಿ ಬೋರುಂದಾ ಎಂಬ ಹಳ್ಳಿಯಲ್ಲಿ ಕುಳಿತು ಜನರ ಕಥೆ, ಹಾಡುಗಳನ್ನು ಸಂಗ್ರಹಿಸಿದ ಕೋಠಾರಿಯವರಿಗೆ ಹಸ್ತಪ್ರತಿಗಿಂತ ಪೊರಕೆ ಕೀಳೆಂದು ತೋರಿರಲಿಲ್ಲ. ನಮ್ಮ ಜಾನಪದ ವಿಭಾಗಗಳಲ್ಲಿ ಈ ಮಾತನ್ನು ನೆನೆಯುವವರು ಇನ್ನೂ ಕೆಲವರಾದರೂ ಇರಬಹುದು.

ಮೂರನೆಯ ದಿನ ಓಸಿಯಾ. ಜೋಧಪುರದಿಂದ ಸುಮಾರು 65 ಕಿಲೋಮೀಟರ್. ಜೈಸಲ್ಮೇರದ ರೈಲುದಾರಿಯ ಮೇಲೆಯೇ ಇರುವ ಊರು. ಇಲ್ಲಿನ ಮಹಾವೀರ ಜಿನಾಲಯ ಪ್ರತೀಹಾರ ವತ್ಸರಾಜನ ಕಾಲದಷ್ಟು ಹಳೆಯದೆಂಬುದಕ್ಕೆ ಅಲ್ಲಿಯ ಹತ್ತನೆಯ ಶತಮಾನದ ಶಾಸನವೇ ಆಧಾರ. ವತ್ಸರಾಜನೆಂದೊಡನೆ ಕನ್ನಡ ಸಂಶೋಧಕನ ಕಿವಿ ನಿಮಿರಬೇಕು. ರಾಷ್ಟ್ರಕೂಟ ಧ್ರುವ ಸೋಲಿಸಿ ಮರುಭೂಮಿಯ ನಡುವಿಗೆ ಅಟ್ಟಿದನೆಂದು ಮೂರನೆಯ ಗೋವಿಂದನ ತಾಮ್ರಶಾಸನಗಳು ಕೊಂಡಾಡುವುದು ಇವನನ್ನೇ. ಅಧ್ಯಾಪಕರು ಹಲವು ವರ್ಷ ಆ ಶಾಸನಗಳನ್ನು ಪಾಠ ಮಾಡಿದ್ದರು. ‘ಮರು’ ಎಂಬುದು ಅವರಿಗೆ ಸೋತವನು ಹೋಗಿ ಅಡಗುವ ಬರಿ ಒಂದು ಪದವಾಗಿತ್ತು. ಅಲ್ಲಿ ಆ ಹೊತ್ತಿನಲ್ಲಿ ಕಲ್ಲಿನ ತೋರಣಗಳೇಳುತ್ತಿದ್ದವೆಂಬುದು ಪ್ರಶಸ್ತಿ ಬರೆದವನ ಗಮನಕ್ಕೆ ಬರಬೇಕಾದ ಸಂಗತಿಯಲ್ಲ.

ವತ್ಸರಾಜನ ಹೆಸರಿನ ಬೆನ್ನಿಗೇ ಜಾಲೋರ ಬಂದು ನಿಂತಿತು. ಉದ್ಯೋತನಸೂರಿ ಪ್ರಾಕೃತದ ‘ಕುವಲಯಮಾಲಾ’ವನ್ನು ಬರೆದು ಮುಗಿಸಿದ್ದು 779ರಲ್ಲಿ, ಶಕವರ್ಷ 700 ಮುಗಿಯಲು ಒಂದು ದಿನ ಬಾಕಿಯಿರುವಾಗ, ಈ ವತ್ಸರಾಜ ಆಳುತ್ತಿದ್ದ ಜಾಲೋರದ ಋಷಭ ಜಿನಾಲಯದಲ್ಲಿ. ಆ ಕಥೆಯ ಪೇಟೆಯೊಂದರಲ್ಲಿ ನಾನಾ ದೇಶದ ವರ್ತಕರು ತಮ್ಮ ತಮ್ಮ ಭಾಷೆಯಲ್ಲಿ ಕೂಗುತ್ತಾರೆ. ಅವರ ನಡುವೆ ಕರ್ಣಾಟಕದವರೂ ಇದ್ದಾರೆ. ಉದ್ಯೋತನ ಅವರ ಬಾಯಲ್ಲಿ ಇಟ್ಟ ಎರಡು ಮೂರು ಪದಗಳು ವಿದ್ವಾಂಸರಿಗೆ ಸುಲಭವಾಗಿ ಬಗೆಹರಿದಿಲ್ಲ. ಆದರೂ ಕವಿರಾಜಮಾರ್ಗಕ್ಕೆ ಮೊದಲು ಮಾರವಾಡದ ಯತಿಯೊಬ್ಬ ಕನ್ನಡಿಗರ ಮಾತಿಗೆ ಕಿವಿಗೊಟ್ಟನೆಂಬುದು ಸಣ್ಣ ವಿಷಯವೇ? ಈ ಗ್ರಂಥವನ್ನು ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದ ಆ.ನೇ. ಉಪಾಧ್ಯೆಯವರು. ಅವರಿಗೆ ಆಧಾರವಾದ ಎರಡೇ ಪ್ರತಿಗಳಲ್ಲಿ ಒಂದು ಪುಣೆಯ ಕಾಗದದ ಪ್ರತಿ, ಇನ್ನೊಂದು ಮತ್ತೆ ಜೈಸಲ್ಮೇರದ ಓಲೆ.

ಜಾಲೋರಕ್ಕೆ ಹೋಗಿಬರಲು ಜೋಧಪುರದಿಂದ ಒಂದು ಇಡೀ ದಿನ ಬೇಕು. ಉದ್ಯೋತನ ಕುಳಿತು ಬರೆದ ಜಿನಾಲಯ ಇಂದಿಲ್ಲ. ಕಾಣಲು ಏನೂ ಇಲ್ಲದ ಜಾಗದಲ್ಲಿ ಸುಮ್ಮನೆ ನಿಂತು ಬರುವುದಕ್ಕೆ ಒಂದು ದಿನವನ್ನು ಕೊಡಬೇಕೇ? ಅಧ್ಯಾಪಕರು ಎರಡು ರಾತ್ರಿ ಇದನ್ನು ಯೋಚಿಸಿದರು. ಪೊರಕೆಗಳನ್ನು ಬಿಟ್ಟರೆ ಅರ್ಧ ದಿನ ಸಿಗುತ್ತಿತ್ತು; ಪತ್ನಿ ಬಿಡಲಿಲ್ಲ, ಅವರು ಒತ್ತಾಯಿಸಲೂ ಇಲ್ಲ. ಜಾಲೋರದ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದರು. ಅಳಿಸಲಿಲ್ಲ, ಗೆರೆ ಮಾತ್ರ ಎಳೆದರು.

ನಾಲ್ಕು, ಐದು ಜೈಸಲ್ಮೇರಕ್ಕೆ ಉಳಿದವು. 1156ರಲ್ಲಿ ರಾವಲ್ ಜೈಸಲ ಕಟ್ಟಿಸಿದ ಈ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡುತ್ತಾರೆ. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ಅದು ಯುನೆಸ್ಕೊದ ಪಟ್ಟಿಗೆ ಸೇರಿತು. ಮಗ ಕೋಟೆಯ ಬುರುಜಿನೊಳಗೇ ಕೋಣೆಯನ್ನು ಗೊತ್ತುಮಾಡಿದ್ದ. ಕಿಟಕಿಯಿಂದ ಮರಳು ಕಾಣುತ್ತದಂತೆ. ಅಧ್ಯಾಪಕರು ಅದನ್ನು ಬಿಡಿಸಿ ಕೆಳಗಿನ ಊರಿನ ಧರ್ಮಶಾಲೆಗೆ ಬದಲಿಸಿದರು. ಕೊಡದಲ್ಲಿ ಹೊತ್ತು ತಂದ ನೀರಿನಲ್ಲಿ ಬದುಕಿದವರಿಗಾಗಿ ಕಟ್ಟಿದ ಕೋಟೆ ಅದು. ನಲ್ಲಿ ಬಂದು, ವಸತಿಗೃಹಗಳು ಹೆಚ್ಚಿ, ಬಚ್ಚಲ ನೀರು ಗುಡ್ಡದೊಳಕ್ಕೆ ಇಂಗತೊಡಗಿದ ಮೇಲೆ ಗೋಡೆಗಳು ಕುಸಿದಿವೆ. ತಮ್ಮ ಎರಡು ದಿನದ ಸ್ನಾನದ ನೀರೂ ಆ ಗೋಡೆಗೆ ಸೇರುವುದು ಬೇಡವೆಂದರು. ಈ ಮಾತು ಪತ್ನಿಗೆ ಬಲು ಬೇಗ ಹಿಡಿಯಿತು. ಅವರ ತವರಿನಲ್ಲೂ ಅಟ್ಟದ ಮೇಲೆ ಓಲೆಕಟ್ಟುಗಳಿದ್ದವು. ಒಲೆಯ ಹೊಗೆ ತಾಗುವಂತೆ ಇಟ್ಟು, ಮಳೆಗಾಲ ಕಳೆದ ಮೇಲೆ ಒಣಗಿಸಿ, ಎಣ್ಣೆ ಸವರಿ ಮತ್ತೆ ಕಟ್ಟುತ್ತಿದ್ದ ಅಜ್ಜಿಯನ್ನು ಅವರು ನೋಡಿದ್ದರು. ತುಳುನಾಡಿನಲ್ಲಿ ಓಲೆ ಉಳಿಯಬೇಕಾದರೆ ವರ್ಷ ವರ್ಷವೂ ಒಬ್ಬರು ಕೈಹಚ್ಚಬೇಕು. ಧವಲಾದಿ ಸಿದ್ಧಾಂತಗ್ರಂಥಗಳ ಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದದ್ದೂ ಅಂಥ ಕೈಗಳಿಂದಲೇ.

ಜೈಸಲ್ಮೇರದಲ್ಲಿ ಒಣ ಹವೆಯೇ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಅಲ್ಲೂ ಮನುಷ್ಯರದೇ. ಹದಿನೈದನೆಯ ಶತಮಾನದಲ್ಲಿ ಜಿನಭದ್ರಸೂರಿಗಳು ಅಲ್ಲಿ ಗ್ರಂಥಗಳನ್ನು ಕೂಡಿಹಾಕಿದ್ದರಿಂದ, 1950ರಲ್ಲಿ ಮುನಿ ಪುಣ್ಯವಿಜಯರು ಅಲ್ಲಿಗೆ ಹೋಗಿ ನೆಲೆನಿಂತು ಒಂದೊಂದು ಓಲೆಯನ್ನೂ ಜೋಡಿಸಿ ಪಟ್ಟಿಮಾಡಿದ್ದರಿಂದ, ಇಂದು ಅದು ಭಂಡಾರ.

“ಆ ಓಲೆಯನ್ನು ನಿಮಗೆ ತೋರಿಸುತ್ತಾರೆಯೇ?” ಎಂದು ಪತ್ನಿ ಕೊನೆಗೆ ಕೇಳಿದರು.

ಕೇಳಬಾರದೆಂದು ಅಧ್ಯಾಪಕರು ಹೆದರುತ್ತಿದ್ದ ಪ್ರಶ್ನೆ ಅದೇ ಆಗಿತ್ತು. ಯಾತ್ರಿಕರಿಗೆ ಗಾಜಿನೊಳಗಿನ ಕೆಲವು ಓಲೆಗಳ ದರ್ಶನವಾಗುತ್ತದೆ. ಬೇಕಾದ ಪ್ರತಿಯನ್ನು ಹೊರತೆಗೆಸಲು ಅನುಮತಿ ಬೇಕು. ಅನುಮತಿ ಕೇಳಿ ಬರೆದ ಪತ್ರ ಹದಿನೈದು ದಿನಗಳಿಂದ ಅವರ ಮೇಜಿನ ಮೇಲೆಯೇ ಇತ್ತು. ಕಾಲೇಜಿನ ಮೊಹರು ಈಗ ಅವರದಲ್ಲ. ಯಾವ ಯೋಜನೆಯೂ ಕೈಯಲ್ಲಿಲ್ಲ. ಪಾಠಾಂತರ ಗುರುತಿಸಬೇಕಾಗಿಲ್ಲ, ಆ ಕೆಲಸವನ್ನು ಬ್ಯೂಲರನ ನಂತರದವರು ಮಾಡಿ ಮುಗಿಸಿದ್ದಾರೆ. ಉದ್ದೇಶವೇನೆಂದು ಬರೆಯುವಲ್ಲಿ ಪತ್ರ ನಿಂತಿತ್ತು. ಸಂಶೋಧನೆಯೆಂದರೆ ಸುಳ್ಳಾಗುತ್ತದೆ. ಸತ್ಯವನ್ನೇ ಬರೆದರೆ, ಇಂಥ ಮುದುಕರು ದಿನಕ್ಕೆ ಎಷ್ಟು ಮಂದಿ ಬರುವುದಿಲ್ಲ!

“ನೋಡಬೇಕು ಅಂತಲೇ ಬರೆಯಿರಿ. ಮರಳನ್ನು ನಾನು ನೋಡಲು ಹೊರಟಿಲ್ಲವೇ?” ಎಂದರು ಪತ್ನಿ.

ಪತ್ರ ಹಾಗೆಯೇ ಹೋಯಿತು. ಕೋಟೆಯ ಜಿನಾಲಯಗಳು ಹೊರಗಿನವರಿಗೆ ತೆರೆದಿರುವುದು ಮಧ್ಯಾಹ್ನದವರೆಗೆ ಮಾತ್ರ. ಆದ್ದರಿಂದ ನಾಲ್ಕು ಮತ್ತು ಐದನೆಯ ದಿನಗಳ ಬೆಳಗುಗಳೆರಡೂ ಭಂಡಾರಕ್ಕೆ, ಮೊದಲ ದಿನ ಆಗದಿದ್ದರೆ ಎರಡನೆಯ ದಿನ. ಮಧ್ಯಾಹ್ನಗಳು ಪಟವರ ಹವೇಲಿಗೆ, ಗಡೀಸರ ಕೆರೆಗೆ, ಲೋದ್ರವದ ಪಾರ್ಶ್ವನಾಥನಿಗೆ. ಆರನೆಯ ದಿನ ಖೂರಿಯ ಮರಳು, ಐದು ಗಂಟೆಗೆ ಊಟ. ರೈಲಿನ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಪಟ್ಟಿಯನ್ನು ನೀಟಾಗಿ ಬರೆದು ಅದರ ಫೋಟೊ ತೆಗೆದು ಅಂದೇ ರಾತ್ರಿ ಮಗನಿಗೆ ಕಳುಹಿಸಿದರು.

ಉತ್ತರ ಐದು ನಿಮಿಷದಲ್ಲಿ ಬಂತು: “ಅಪ್ಪಾ, ಜೈಪುರ ಎಲ್ಲಿ?”